ಬಿಸಿಯಾದ ಮೇಲೆ ಕ್ಲಚ್ ಪೆಡಲ್ ನೆಲ ಹಿಡಿಯುತ್ತಿದೆ, ಗೇರ್‌ಬಾಕ್ಸ್ ಇಳಿಸಲೇಬೇಕಾ?

ಕೆಂಪು_ರೋಡ್‌ಸ್ಟರ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರ್ ಇದೆ. ಮುಂದೆ ಇಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್, 5 ಗೇರ್, ಹೈಡ್ರಾಲಿಕ್ ಕ್ಲಚ್ (ಫ್ಲೂಯಿಡ್ ಒತ್ತಡದಿಂದ ಕೆಲಸ ಮಾಡುವಂಥದ್ದು). ಮೂರು ತಿಂಗಳು ಓಡಿಸದೆ ಮುಚ್ಚಿಟ್ಟಿದ್ದೆ. ಹೋದ ವಾರ ಹೊರಗೆ ತೆಗೆದಾಗ ರಿವರ್ಸ್ ಹಾಕುವಾಗ ಕರ್ ಅಂತ ಸದ್ದು ಬಂತು. ಒಂದೇ ಸಲ ಅಲ್ವಾ ಅಂತ ಬಿಟ್ಟೆ.

ಆದರೆ ಸುಮಾರು 20 ನಿಮಿಷ ಟ್ರಾಫಿಕ್‌ನಲ್ಲಿ ಓಡಿಸಿದ ಮೇಲೆ ಪೆಡಲ್ ಮೆತ್ತಗಾಯಿತು. ಮೊದಲು ಅರ್ಧದಲ್ಲೇ ಹಿಡಿಯುತ್ತಿದ್ದ ಕ್ಲಚ್ ಈಗ ಮ್ಯಾಟಿನ ಹತ್ತಿರ ಹಿಡಿಯುತ್ತಿದೆ. ಸಿಗ್ನಲ್‌ನಲ್ಲಿ ನಿಂತಾಗ ಫಸ್ಟ್ ಗೇರ್ ಬೀಳಲೇ ಇಲ್ಲ. ಹಿಂದಿನವರು ಹಾರ್ನ್ ಹೊಡೀತಿದ್ದಾರೆ, ನನಗೆ ಕೈಕಾಲು ಆಡಲಿಲ್ಲ. ಇಂಜಿನ್ ಆಫ್ ಮಾಡಿ, ಫಸ್ಟ್ ಹಾಕಿ, ಕ್ಲಚ್ ಒತ್ತಿಕೊಂಡೇ ಸ್ಟಾರ್ಟ್ ಮಾಡಿದೆ. ಕಾರು ಒಂದು ಸಲ ಮುಂದಕ್ಕೆ ಜಿಗಿದು ಹೊರಟಿತು. ಆಮೇಲೆ ಗೊತ್ತಾಗಿದ್ದು ಏನೆಂದರೆ, ಪೆಡಲನ್ನು ಬೇಗ ಬೇಗ ಎರಡು ಮೂರು ಸಲ ಒತ್ತಿದರೆ ಗೇರ್ ಸರಿಯಾಗಿ ಬೀಳುತ್ತದೆ.

ಬಾನೆಟ್ ತೆಗೆದು ನೋಡಿದರೆ ಕ್ಲಚ್ ಫ್ಲೂಯಿಡ್ ಸ್ವಲ್ಪ ಇಳಿದಿದೆ. ಬಣ್ಣ ಕಡು ಕಾಫಿ ಥರ. ನೆಲದ ಮೇಲೆ ಒಂದು ಹನಿಯೂ ಇಲ್ಲ. ತೋರಿಸಿದ ಮೆಕ್ಯಾನಿಕ್ ಐದು ನಿಮಿಷ ನೋಡಿ "ಕ್ಲಚ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಕಿಟ್ ಹಾಕಬೇಕು" ಎಂದರು. ನಿಜವಾಗಲೂ ಅಷ್ಟು ದೂರ ಹೋಗಬೇಕಾ? ಸ್ಪ್ಯಾನರ್ ಹಿಡಿಯೋದು ಬರುತ್ತದೆ, ಬ್ರೇಕ್ ಪ್ಯಾಡ್ ನಾನೇ ಬದಲಾಯಿಸುತ್ತೇನೆ. ಈ ಕಾರನ್ನು ನನ್ನ ಕೈಯಿಂದಲೇ ಸರಿ ಮಾಡಬೇಕು ಅಂತ ಆಸೆ.

ಹಳೇಗೇರ್:

ಗೇರ್‌ಬಾಕ್ಸ್ ಮುಟ್ಟಬೇಡಿ. ಇನ್ನೂ ಆ ಹಂತ ಬಂದಿಲ್ಲ.

ಕ್ಲಚ್ ಹೋಯಿತು ಅಂತ ಎಲ್ಲರೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ, ಆದರೆ ಅದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇದೆ. ಒಂದು, ಕ್ಲಚ್ ಹಿಡಿಯದೇ ಇರೋದು. ಎತ್ತರದ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತದೆ, ಸ್ಪೀಡ್ ಏರಲ್ಲ. ಅದು ಕ್ಲಚ್ ಪ್ಲೇಟ್ (ಇಂಜಿನ್‌ಗೂ ಗೇರ್‌ಬಾಕ್ಸಿಗೂ ಕೊಂಡಿಯಾದ ತಟ್ಟೆ) ಸವೆದ ಲಕ್ಷಣ. ಇನ್ನೊಂದು, ಕ್ಲಚ್ ಪೂರ್ತಿ ಬಿಡದೇ ಇರೋದು. ನಿಮ್ಮದು ಈ ಎರಡನೇದು. ಅದರ ಮೇಲೆ, ಪಂಪ್ ಮಾಡಿದರೆ ಸರಿಹೋಗುತ್ತದೆ ಅಂತ ನೀವೇ ಬರೆದಿದ್ದೀರಿ. ಸವೆದ ಪ್ಲೇಟಾಗಲಿ, ಕ್ಲಚ್ ಬಿಡಿಸುವ ಫೋರ್ಕ್ ಮುರಿದದ್ದಾಗಲಿ ಪೆಡಲ್ ಪಂಪ್ ಮಾಡಿದರೆ ಸರಿಹೋಗಲ್ಲ. ಪ್ರತಿ ಸಲ ಪೆಡಲ್ ಮೇಲೆ ಬಂದಾಗ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಪಂಪ್) ಫ್ಲೂಯಿಡ್ ಡಬ್ಬಿಯಿಂದ ಇನ್ನೊಂದಿಷ್ಟು ಫ್ಲೂಯಿಡ್ ಎಳೆದುಕೊಂಡು ಪೈಪಿಗೆ ತುಂಬುತ್ತದೆ. ಅದರಿಂದ ಗುಣ ಕಾಣುತ್ತಿದೆ ಎಂದರೆ ಫ್ಲೂಯಿಡ್ ಎಲ್ಲೋ ಸೋರುತ್ತಿದೆ, ಇಲ್ಲವೇ ಗಾಳಿ ಸೇರಿದೆ.

ಮೂರು ತಿಂಗಳು ನಿಂತಿದ್ದ ಕಾರು ಆದ್ದರಿಂದ ಇನ್ನೊಂದು ಅನುಮಾನವೂ ಬರುತ್ತದೆ. ತೇವಕ್ಕೆ ಪ್ಲೇಟ್ ಫ್ಲೈವ್ಹೀಲಿಗೆ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ತುಕ್ಕು ಹಿಡಿದು ಅಂಟಿಕೊಳ್ಳುವುದುಂಟು. ಆದರೆ ಅದು ಹೊರಟ ಕ್ಷಣದಿಂದಲೇ ಕಾಡುತ್ತದೆ, ಪಂಪ್‌ಗೆ ಜಗ್ಗಲ್ಲ. ನಿಮ್ಮದು ಬಿಸಿಯಾದ ಮೇಲೆ ಹಾಳಾಗುತ್ತಿದೆ. ಹಾಗಾಗಿ ಅದನ್ನು ಬದಿಗಿಡೋಣ.

ಈಗ ಮಾಡಬೇಕಾದ್ದು: ಡ್ರೈವರ್ ಸೀಟಿನ ಮುಂದೆ ಮಲಗಿ ಟಾರ್ಚ್ ಹಿಡಿದು ಪೆಡಲಿನ ಮೇಲ್ಭಾಗ ನೋಡಿ. ಪೆಡಲಿಂದ ಗೋಡೆಯೊಳಗೆ ಹೋಗುವ ರಾಡ್ ಇರುತ್ತದೆ. ಅದರ ಸುತ್ತ ಬೆರಳಾಡಿಸಿ. ಕಾರ್ಪೆಟ್ ಕೂಡ ಮುಟ್ಟಿ ನೋಡಿ. ಜಿಡ್ಡು ಇದ್ದರೆ ಮಾಸ್ಟರ್ ಸೋರುತ್ತಿದೆ. ಆಮೇಲೆ ಕಾರು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ), ಗೇರ್‌ಬಾಕ್ಸಿನ ಪಕ್ಕದಲ್ಲಿ ಎರಡು ಬೋಲ್ಟಿನಲ್ಲಿ ಕೂತಿರುವ ಸ್ಲೇವ್ ಸಿಲಿಂಡರ್ (ಮಾಸ್ಟರ್ ತಳ್ಳಿದ ಫ್ಲೂಯಿಡಿನಿಂದ ರಾಡ್ ಹೊರಗೆ ತಳ್ಳಿ ಕ್ಲಚ್ ಬಿಡಿಸುವ ಭಾಗ) ಹುಡುಕಿ. ಅದರ ಮೂತಿಯಲ್ಲಿ ರಬ್ಬರ್ ಬೂಟ್ ಇರುತ್ತದೆ. ಅದರ ಅಂಚನ್ನು ಚೂರು ಎತ್ತಿ. ಸೋರಿದ ಫ್ಲೂಯಿಡ್ ಆ ಬೂಟಿನೊಳಗೇ ತುಂಬಿ ಕೂತಿರುತ್ತದೆ, ಅದಕ್ಕೇ ನೆಲದ ಮೇಲೆ ಹನಿ ಕಾಣಲ್ಲ.

ನೋಡಿದ ಮೇಲೆ ಅಳೆಯಿರಿ. ಇಂಜಿನ್ ಆಫ್ ಇರಲಿ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಸ್ಲೇವ್ ರಾಡ್ ಎಷ್ಟು ಮಿಲಿಮೀಟರ್ ಹೊರಗೆ ಬರುತ್ತದೆ ಅಂತ ಸ್ಕೇಲ್ ಇಟ್ಟು ನೋಡಿ ಇಲ್ಲಿ ಬರೆಯಿರಿ. ಆ ಒಂದು ಅಂಕಿ ಇಲ್ಲದೆ ಮಿಕ್ಕಿದ್ದೆಲ್ಲ ಬರೀ ಊಹೆ.

ಸ್ಪ್ಯಾನರ್12:

ಹಳೇಗೇರ್ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ, ಇದನ್ನು ಓದುವ ಬೇರೆಯವರಿಗೂ ಬೇಕಾಗುತ್ತದೆ. ಎಲ್ಲ ಕಾರಿನಲ್ಲೂ ಸ್ಲೇವ್ ಹೊರಗೆ ಇರಲ್ಲ. ಈಚಿನ ಎಷ್ಟೋ ಕಾರುಗಳಲ್ಲಿ ಸ್ಲೇವ್ ಮತ್ತು ರಿಲೀಸ್ ಬೇರಿಂಗ್ (ಕ್ಲಚ್ ಮೇಲೆ ಒತ್ತುವ ಬೇರಿಂಗ್) ಒಂದೇ ತುಂಡು, ಗೇರ್‌ಬಾಕ್ಸ್ ಶಾಫ್ಟಿನ ಸುತ್ತ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಗೂಡು) ಒಳಗೆ ಕೂತಿರುತ್ತದೆ. ಅಂಥದ್ದು ಸೋರಿದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಅಷ್ಟು ಕೆಲಸ ಮಾಡಿದ ಮೇಲೆ ಕ್ಲಚ್ ಕಿಟ್ಟೂ ಜೊತೆಗೇ ಹಾಕೋದು ಜಾಣತನ. ಪೈಪ್ ಎಲ್ಲಿಗೆ ಹೋಗುತ್ತದೆ ನೋಡಿದರೆ ನಿಮ್ಮದು ಯಾವ ಜಾತಿ ಅಂತ ತಿಳಿಯುತ್ತದೆ.

ಅಳೆಯುವಾಗ ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಪೆಡಲ್ ಒತ್ತಿದವರು ಹಾಗೇ ಒಂದು ನಿಮಿಷ ಹಿಡಿದುಕೊಂಡಿರಲಿ. ನೀವು ಕೆಳಗೆ ರಾಡ್ ನೋಡುತ್ತಿರಿ. ರಾಡ್ ಮೊದಲೇ ಕಡಿಮೆ ಬಂದು ಅಲ್ಲೇ ನಿಂತರೆ ಗಾಳಿ ಇರಬಹುದು, ಇಲ್ಲವೇ ರಬ್ಬರ್ ಹೋಸ್ ಉಬ್ಬುತ್ತಿರಬಹುದು. ಹೋಸನ್ನು ಬೆರಳಲ್ಲಿ ಹಿಡಿದರೆ ಉಬ್ಬೋದು ಗೊತ್ತಾಗುತ್ತದೆ. ಆದರೆ ಪೂರ್ತಿ ಹೊರಗೆ ಬಂದು, ಪೆಡಲ್ ನೆಲದಲ್ಲೇ ಇರುವಾಗ ರಾಡ್ ಮೆಲ್ಲಗೆ ಹಿಂದೆ ಸರಿದರೆ, ಹೊರಗೆ ಎಲ್ಲೂ ಒದ್ದೆಯೂ ಇಲ್ಲದಿದ್ದರೆ, ಮಾಸ್ಟರ್ ಒಳಗಿನ ಸೀಲ್ ಹೋಗಿದೆ. ಫ್ಲೂಯಿಡ್ ಸೀಲನ್ನು ದಾಟಿ ವಾಪಸ್ ಡಬ್ಬಿಗೇ ಹೋಗುತ್ತಿರುತ್ತದೆ. ಇದರಲ್ಲಿ ಲೆವೆಲ್ ಇಳಿಯೋದೇ ಇಲ್ಲ. ಅದಕ್ಕೇ ಜನ ಇದನ್ನು ತಿಂಗಳುಗಟ್ಟಲೆ ಹಿಡಿಯಲಾಗದೆ ಒದ್ದಾಡುತ್ತಾರೆ.

ನಿಮ್ಮ ಕಾರಿನಲ್ಲಿ ಕ್ಲಚ್‌ಗೆ ಬೇರೆ ಡಬ್ಬಿ ಇದೆಯಾ, ಬ್ರೇಕ್ ಡಬ್ಬಿಯೇನಾ? ಒಂದೇ ಆಗಿದ್ದರೆ ಲೆವೆಲ್ ಮೇಲೆ ದಿನಾ ಕಣ್ಣಿಡಿ.

ಕೆಂಪು_ರೋಡ್‌ಸ್ಟರ್:

ಡಬ್ಬಿ ಬೇರೆಯೇ ಇದೆ. ಸ್ಲೇವ್ ಹೊರಗಡೆಯೇ ಇದೆ, ನೋಡಿ ಜೀವ ಬಂತು.

ಮಾಸ್ಟರ್ ಕಡೆ ಒಣಗಿದೆ, ಕಾರ್ಪೆಟ್ ಕೂಡ. ಸ್ಲೇವ್ ಬೂಟಿನ ಅಂಚನ್ನು ಸಣ್ಣ ಸ್ಕ್ರೂ ಡ್ರೈವರಿನಿಂದ ಎತ್ತಿದ ತಕ್ಷಣ ಕಪ್ಪು ನೀರಿನಂಥದ್ದು ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿಯಿತು. ಬೆರಳಲ್ಲಿ ಉಜ್ಜಿದರೆ ಒಳಗೆ ನುಣ್ಣಗಿನ ರಬ್ಬರ್ ಪುಡಿ. ರಾಡ್ ಬರೀ 8 ಮಿಮೀ ಹೊರಗೆ ಬರುತ್ತಿತ್ತು.

ಹೊಸ ಸ್ಲೇವ್ ಹಾಕಿದೆ. ಹೆಂಡತಿ ಪೆಡಲ್ ಒತ್ತಿದಳು, ನಾನು ಕೆಳಗೆ ಸ್ಲೇವ್ ಮೇಲಿನ ನಿಪ್ಪಲ್ (ಫ್ಲೂಯಿಡ್ ಹೊರಬಿಡುವ ಸಣ್ಣ ತಿರುಪು) ಬಿಚ್ಚಿ ಮುಚ್ಚಿ ಮಾಡಿದೆ. ಹಳೆಯದೆಲ್ಲ ಹೋಗಿ ತಿಳಿಯಾದ ಫ್ಲೂಯಿಡ್ ಬರುವವರೆಗೆ ಬ್ಲೀಡ್ ಮಾಡಿದೆವು (ಒಳಗಿನ ಗಾಳಿ, ಹಳೇ ಫ್ಲೂಯಿಡ್ ಹೊರಹಾಕಿದೆವು). ಆಮೇಲೆ ಅಳೆದರೆ 15 ಮಿಮೀ! ಗೇರ್ ಬೆಣ್ಣೆಯ ಥರ ಬೀಳುತ್ತಿತ್ತು. ನಾಲ್ಕು ದಿನ ಖುಷಿಯಾಗಿ ಓಡಿಸಿದೆ.

ಐದನೇ ದಿನ ಮತ್ತೆ ಅದೇ ಕಥೆ. ಬಿಸಿಯಾದ ಮೇಲೆ ರಿವರ್ಸ್ ಕರ್ ಅನ್ನುತ್ತಿದೆ. ಲೆವೆಲ್ ಇಳಿದಿಲ್ಲ, ಹೊಸ ಬೂಟ್ ಒಣಗಿದೆ. ಅಳೆದರೆ 15 ಬರುತ್ತದೆ, ಆದರೆ ಪೆಡಲ್ ಹಿಡಿದುಕೊಂಡೇ ಇದ್ದರೆ ಒಂದು ನಿಮಿಷದಲ್ಲಿ 9ಕ್ಕೆ ಇಳಿಯುತ್ತದೆ. ಸ್ಪ್ಯಾನರ್12 ಹೇಳಿದ ಹಾಗೆಯೇ. ಆದರೆ ಹೋದ ವಾರದವರೆಗೆ ಮಾಸ್ಟರ್ ಚೆನ್ನಾಗಿತ್ತಲ್ಲ? ನಾನೇ ಏನಾದರೂ ಹಾಳು ಮಾಡಿದೆನಾ?

ಹಳೇಗೇರ್:

ಬ್ಲೀಡ್ ಮಾಡುವಾಗ ಪೆಡಲನ್ನು ಪ್ರತಿ ಸಲ ನೆಲಕ್ಕೆ ತಾಗುವ ತನಕ ಒತ್ತಿಸಿದಿರಾ? ಹಾಗಿದ್ದರೆ ಕಾರಣ ಅದೇ ಇರಬೇಕು. ಇದು ಬಹಳ ಜನಕ್ಕೆ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಾಸ್ಟರ್ ಒಳಗಿನ ಸೀಲ್ ಇಷ್ಟು ವರ್ಷ ಹೆಚ್ಚೂಕಡಿಮೆ ಒಂದೇ ದೂರ ಓಡಾಡಿದೆ. ಅಷ್ಟು ಜಾಗ ಉಜ್ಜಿ ಉಜ್ಜಿ ಕನ್ನಡಿಯ ಹಾಗಾಗಿರುತ್ತದೆ. ಅದರಾಚೆ ಸೀಲ್ ಎಂದೂ ಹೋಗದ ಕೊನೆಯ ಭಾಗದಲ್ಲಿ ಕೊಳೆ, ನೀರಿನಂಶದಿಂದ ಬಂದ ತುಕ್ಕಿನ ಚುಕ್ಕಿ ಕೂತಿರುತ್ತದೆ. ಬ್ಲೀಡ್ ಮಾಡುವಾಗ ನಿಪ್ಪಲ್ ತೆರೆದಿರುತ್ತದೆ, ತಡೆಯೋ ಒತ್ತಡ ಇರಲ್ಲ, ಪಿಸ್ಟನ್ ಸೀದಾ ಆ ಒರಟು ಜಾಗಕ್ಕೆ ಹೋಗಿ ಸೀಲಿನ ತುಟಿ ಗೀರಿಕೊಂಡು ಬರುತ್ತದೆ. ಹಳೇ ಮಾಸ್ಟರ್ ಇದ್ದರೆ ಪೆಡಲ್ ಕೆಳಗೆ ಮರದ ತುಂಡು ಇಟ್ಟು ಅರ್ಧದಷ್ಟೇ ಒತ್ತಬೇಕು. ಇದನ್ನು ನಾನು ಮೊದಲೇ ಹೇಳಬೇಕಿತ್ತು, ತಪ್ಪಾಯಿತು.

ಮಾಸ್ಟರ್ ಬದಲಾಯಿಸಿ. ಒಂದೇ ವಯಸ್ಸಿನ ಸೀಲ್‌ಗಳು, ಒಂದೇ ಕೊಳೆ ಫ್ಲೂಯಿಡ್ ಕುಡಿದು ಬೆಳೆದವು. ಒಂದು ಹೋದರೆ ಇನ್ನೊಂದು ಹಿಂದೆಯೇ ಇರುತ್ತದೆ. ರಬ್ಬರ್ ಹೋಸೂ ಹಳೆಯದಾದರೆ ಅದನ್ನೂ ಬದಲಾಯಿಸಿ.

ಟಾರ್ಕ್_ರೆಂಚ್:

ಹೇಗೂ ಮಾಸ್ಟರ್ ತೆಗೆಯುತ್ತಿದ್ದೀರಿ, ಒಂದು ಸೈಜ್ ದೊಡ್ಡದು ಹಾಕಿಬಿಡಿ. ಜಾಸ್ತಿ ಫ್ಲೂಯಿಡ್ ತಳ್ಳುತ್ತದೆ, ರಿಲೀಸ್ ಜಾಸ್ತಿ ಸಿಗುತ್ತದೆ, ಮುಂದೆ ಈ ತಲೆನೋವೇ ಇರಲ್ಲ.

ಸ್ಪ್ಯಾನರ್12:

ಇದಕ್ಕೆ ನಾನು ಒಪ್ಪಲ್ಲ. ಸೋರುವ ಕೊಡಕ್ಕೆ ದೊಡ್ಡ ನಲ್ಲಿ ಹಾಕಿದ ಹಾಗಾಗುತ್ತದೆ. ಲೆಕ್ಕ ಹಾಕಿ ನೋಡೋಣ. ಕೆಂಪು ಅವರೇ, ಎರಡೂ ಸಿಲಿಂಡರ್ ಮೇಲೆ ಎರಕದಲ್ಲಿ ಸೈಜ್ ಬರೆದಿದೆಯಾ ನೋಡಿ, ಮಾಸ್ಟರ್ ರಾಡ್ ಎಷ್ಟು ಚಲಿಸುತ್ತದೆ ಅಂತಲೂ ಅಳೆಯಿರಿ.

ಕೆಂಪು_ರೋಡ್‌ಸ್ಟರ್:

ಮಾಸ್ಟರ್ ಮೇಲೆ 5/8, ಸ್ಲೇವ್ ಮೇಲೆ 3/4 ಅಂತ ಇದೆ, ಇಂಚಿನಲ್ಲಿ. ಮಾಸ್ಟರ್ ರಾಡ್ 24 ಮಿಮೀ ಚಲಿಸುತ್ತದೆ.

ಸ್ಪ್ಯಾನರ್12:

ಅಂದರೆ 15.87 ಮಿಮೀ ಮತ್ತು 19.05 ಮಿಮೀ. ಫ್ಲೂಯಿಡ್ ಕುಗ್ಗಲ್ಲ, ಇಲ್ಲಿ ತಳ್ಳಿದಷ್ಟೇ ಅಲ್ಲಿ ಬರಬೇಕು. ಆದರೆ ಲೆಕ್ಕ ವ್ಯಾಸದ ಮೇಲಲ್ಲ, ವಿಸ್ತೀರ್ಣದ ಮೇಲೆ. ಅಂದರೆ ವ್ಯಾಸದ ವರ್ಗ. ಸ್ಲೇವ್ 1.44 ಪಟ್ಟು ದೊಡ್ಡದು. 24ರಲ್ಲಿ ಸುಮಾರು 2 ಮಿಮೀ ರಾಡಿನ ಸಡಿಲಿಗೆ, ಮಾಸ್ಟರ್ ಒಳಗೆ ಡಬ್ಬಿಗೆ ಹೋಗುವ ಸಣ್ಣ ರಂಧ್ರ ಮುಚ್ಚೋದಕ್ಕೆ ಹೋಯಿತು ಅಂದುಕೊಳ್ಳಿ. ಉಳಿದ 22ನ್ನು 1.44ರಿಂದ ಭಾಗಿಸಿದರೆ 15.3. ನಿಮಗೆ ಬಂದಿದ್ದು 15. ಅಂದರೆ ಈ ಕಾರಿನಲ್ಲಿ ಬರಬೇಕಾದ್ದೇ ಬಂದಿದೆ! ಗಾಳಿ ಇಲ್ಲ, ಹೋಸ್ ಉಬ್ಬುತ್ತಿಲ್ಲ, ಸೈಜೂ ಸರಿ ಇದೆ. ಹಿಡಿದಿಟ್ಟುಕೊಳ್ಳಲಾಗದ ಸೀಲ್ ಒಂದೇ ತೊಂದರೆ.

11/16 ಮಾಸ್ಟರ್ ಹಾಕಿದರೆ ಫ್ಲೂಯಿಡ್ 21% ಜಾಸ್ತಿ ಹೋಗುತ್ತದೆ, ಪೆಡಲೂ ಅಷ್ಟೇ ಭಾರವಾಗುತ್ತದೆ. ರಾಡ್ 18.5 ಮಿಮೀ ತಳ್ಳುತ್ತದೆ. ಪ್ರೆಷರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಭಾಗ) ಡಯಾಫ್ರಾಮ್ ಸ್ಪ್ರಿಂಗನ್ನು ಮಿತಿಗಿಂತ ಜಾಸ್ತಿ ಬಗ್ಗಿಸಿದರೆ ಅದರ ಬೆರಳುಗಳು ಕೆಡುತ್ತವೆ. ಆಮೇಲೆ ನಿಜವಾಗಲೂ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ಹೊಸ ಮಾಸ್ಟರ್ ಹಾಕುವಾಗ ತುಂಬ ಮುಖ್ಯವಾದ ಒಂದು ವಿಷಯ. ಪೆಡಲ್ ರಾಡಿನಲ್ಲಿ ಚೂರು ಸಡಿಲಿಗೆ ಇರಲೇಬೇಕು. ಕ್ಲಚ್ ಕೆಳಗೆ ಹಿಡಿಯುತ್ತಿದೆ ಅಂತ ರಾಡನ್ನು ಉದ್ದ ಮಾಡಿ ಬಿಗಿ ಮಾಡುತ್ತಾರೆ. ಆಗ ಪೆಡಲ್ ಬಿಟ್ಟಾಗಲೂ ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ, ಡಬ್ಬಿಗೆ ಹೋಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಇಂಜಿನ್ ಬಿಸಿಗೆ ಫ್ಲೂಯಿಡ್ ಹಿಗ್ಗಿದಾಗ ವಾಪಸ್ ಹೋಗಲು ದಾರಿ ಇಲ್ಲ. ಕಾಲು ತೆಗೆದರೂ ಸ್ಲೇವ್ ಒತ್ತಿಕೊಂಡೇ ಇರುತ್ತದೆ, ಕ್ಲಚ್ ಸ್ಲಿಪ್ ಆಗಲು ಶುರುವಾಗುತ್ತದೆ, ಚೆನ್ನಾಗಿದ್ದ ಪ್ಲೇಟ್ ಸುಟ್ಟುಹೋಗುತ್ತದೆ. ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ, ಗಟ್ಟಿ ಸಿಗೋ ಮೊದಲು ಕೆಲವು ಮಿಲಿಮೀಟರ್ ಖಾಲಿ ಚಲಿಸಬೇಕು.

ಫ್ಲೂಯಿಡ್ ಡಾಟ್ 4 (ಬ್ರೇಕ್ ಫ್ಲೂಯಿಡಿನ ಒಂದು ದರ್ಜೆ) ಹಾಕಿ, ಸೀಲ್ ಒಡೆಯದ ಡಬ್ಬಿಯದ್ದು. ಅದರ ಕುದಿಯುವ ಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ, ನೀರು ಹೀರಿಕೊಂಡ ಮೇಲೆ 155. ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನ್, ಇದರ ಜೊತೆ ಬೆರೆಯಲ್ಲ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ, ಒರೆಸುತ್ತಾ ಕೂರಬೇಡಿ.

ಟಾರ್ಕ್_ರೆಂಚ್:

ಲೆಕ್ಕ ನೋಡಿದ ಮೇಲೆ ನನ್ನ ಮಾತು ವಾಪಸ್ ತಗೋತೀನಿ. ನನ್ನ ಕಾರಿಗೆ ರೇಸ್ ಪ್ರೆಷರ್ ಪ್ಲೇಟ್ ಇತ್ತು, ಅದಕ್ಕೆ ಹೊಂದಿತ್ತು. ಇಲ್ಲಿ ಬೇಡ.

ಕೆಂಪು_ರೋಡ್‌ಸ್ಟರ್:

ಹೊಸ ಮಾಸ್ಟರ್ ಹಾಕಿದೆ, ಅದೇ 5/8. ಹೋಸೂ ಹೊಸದು. ಡ್ಯಾಶ್ ಕೆಳಗಿನ ಎರಡು ನಟ್ ಬಿಚ್ಚಲು ತಲೆಕೆಳಗಾಗಿ ಮಲಗಿ ಒಂದೂವರೆ ಗಂಟೆ ಹಿಡಿಯಿತು.

ಬ್ಲೀಡ್ ಸುಲಭಕ್ಕೆ ಆಗಲಿಲ್ಲ. ಪೆಡಲ್ ಒತ್ತಿದರೆ ನೆಲದಲ್ಲೇ ಉಳಿಯುತ್ತಿತ್ತು, ಕೈಯಲ್ಲಿ ಎತ್ತಬೇಕಿತ್ತು. ಕೊನೆಗೆ ದೊಡ್ಡ ಸಿರಿಂಜಿಗೆ ಟ್ಯೂಬ್ ಸಿಕ್ಕಿಸಿ ಕೆಳಗಿನ ನಿಪ್ಪಲಿನಿಂದಲೇ ಮೆಲ್ಲಗೆ ಫ್ಲೂಯಿಡ್ ಏರಿಸಿದೆ. ಗಾಳಿ ಮೇಲಕ್ಕೆ ಹೋಗುವ ವಸ್ತು, ಅದರ ದಾರಿಯಲ್ಲೇ ಕಳಿಸೋಣ ಅಂತ. ಡಬ್ಬಿಯಲ್ಲಿ ಗುಳುಗುಳು ಅಂತ ಗುಳ್ಳೆ ಎದ್ದವು. ಆಮೇಲೆ ಸ್ಲೇವ್ ರಾಡನ್ನು ಕೈಯಲ್ಲಿ ಒಳಗೆ ಒತ್ತಿ ಬಿಟ್ಟು ಮಾಡಿದಾಗ ಇನ್ನೂ ನಾಲ್ಕೈದು ಗುಳ್ಳೆ ಬಂದವು. ಅಲ್ಲಿಂದ ಪೆಡಲ್ ಗಟ್ಟಿಯಾಯಿತು.

ಹಳೇ ಮಾಸ್ಟರನ್ನು ಬಿಚ್ಚಿ ನೋಡಿದೆ. ಸಿಲಿಂಡರಿನ ಮುಕ್ಕಾಲು ಭಾಗ ಹೊಳೆಯುತ್ತಿದೆ. ಕೊನೆಯಲ್ಲಿ ಉಗುರಿಗೆ ತಾಗುವಂಥ ಕಂದು ಚುಕ್ಕಿಗಳಿವೆ. ಸೀಲಿನ ತುಟಿಯ ಮೇಲೆ ಅದೇ ಸಾಲಿನಲ್ಲಿ ಎರಡು ಗೀರು. ಹಳೇಗೇರ್ ಹೇಳಿದ್ದು ಕಣ್ಣಿಗೇ ಕಂಡಿತು.

ಇವತ್ತು ಮಧ್ಯಾಹ್ನ ಬಿಸಿಲಿನಲ್ಲಿ ಒಂದು ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ, ಬಿಸಿ ಇರುವಾಗಲೇ ಕಾರು ಎತ್ತಿ ಅಳೆದೆ. 15 ಮಿಮೀ. ಒಂದು ನಿಮಿಷ ಹಿಡಿದ ಮೇಲೆ 15. ಎರಡು ನಿಮಿಷ ಹಿಡಿದ ಮೇಲೂ 15. ಹೆಂಡತಿ "ಕಾಲು ತೆಗೀಲಾ?" ಅಂತ ಕೇಳುತ್ತಿದ್ದಾಳೆ, ನಾನು ಸ್ಕೇಲ್ ಹಿಡಿದುಕೊಂಡು ಇನ್ನೊಂದು ನಿಮಿಷ ಅಂತಿದ್ದೆ.