1919ರಲ್ಲಿ ಯಾರು ಒಂದಾದರು?

(ಬೀದರ್ ಹಾಸ್ಟೆಲ್ ಹಳೇ ವಿದ್ಯಾರ್ಥಿಗಳ ಗುಂಪು)

ಹುಮನಾಬಾದ್ ಅಣ್ಣ: 🙏 ಫಾರ್ವರ್ಡ್ ಬಂದಿದೆ, ಎಲ್ಲರೂ ಓದಿ. "1910ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಒಡೆದ ಕ್ರೈಸ್ತ ವಿದ್ಯಾರ್ಥಿ ಚಳವಳಿ 1919ರಲ್ಲಿ ಮತ್ತೆ ಒಂದಾಯಿತು. ನಾವು ಯಾವಾಗ ಒಂದಾಗುತ್ತೇವೆ? ಹತ್ತು ಜನರಿಗೆ ಕಳಿಸಿ."

ಕಲಬುರಗಿ ಅಕ್ಕ: ಅಣ್ಣಾ, ಇದು ಪೂರ್ತಿ ತಪ್ಪು. 1919ರಲ್ಲಿ ಮಾತುಕತೆ ಆಯಿತು, ಅಲ್ಲೇ ಮುರಿದುಬಿತ್ತು.

ಹುಮನಾಬಾದ್ ಅಣ್ಣ: ಯಾಕೆ ಮುರಿಯಿತು ಹೇಳಿ ನೋಡೋಣ. ಸುಮ್ನೆ ತಪ್ಪು ಅಂದರೆ ಹೇಗೆ?

ಕಲಬುರಗಿ ಅಕ್ಕ: ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಕೇಂಬ್ರಿಡ್ಜ್‌ನ ಕ್ರಿಶ್ಚಿಯನ್ ಯೂನಿಯನ್ ಶುರುವಾಗಿದ್ದು 1877ರಲ್ಲಿ. ಎಸ್‌ಸಿಎಂ ಅಂದರೆ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಬೆಳೆದದ್ದು ಅದಾದ ಮೇಲೆ, ಹಾಗಾಗಿ 1910ರಲ್ಲಿ ಯೂನಿಯನ್ ಎಸ್‌ಸಿಎಂ ಬಿಟ್ಟಿದ್ದು ಅಮ್ಮನೇ ಮಗನ ಮನೆಯಿಂದ ಗಂಟುಮೂಟೆ ಕಟ್ಟಿಕೊಂಡು ಹೊರಟ ಹಾಗೆ. ಎಸ್‌ಸಿಎಂ ಎಲ್ಲಾ ಥರದ ಕ್ರೈಸ್ತರನ್ನೂ ಸೇರಿಸಿಕೊಳ್ಳುತ್ತಿತ್ತು, ಬೈಬಲನ್ನು ವಿಮರ್ಶೆ ಮಾಡಿ ಓದುವವರಿಗೂ ಜಾಗ ಇತ್ತು. ಯೂನಿಯನ್‌ನವರಿಗೆ ಅದು ಆಗಲಿಲ್ಲ. ಯುದ್ಧ ಮುಗಿದ ಮೇಲೆ 1919ರಲ್ಲಿ ಸೇರೋಣ ಅಂತ ಕೂತರು. ಯೂನಿಯನ್ ಕಡೆಯಿಂದ ಹೋದವರಲ್ಲಿ ನಾರ್ಮನ್ ಗ್ರಬ್ ಒಬ್ಬರು. ಅವರೇ ಆಮೇಲೆ ಬರೆದಿದ್ದಾರೆ: ಕ್ರಿಸ್ತನ ರಕ್ತ, ಅಂದರೆ ನಮ್ಮ ಪಾಪಕ್ಕಾಗಿ ಆತ ಸತ್ತದ್ದು, ನಿಮ್ಮ ಸಂದೇಶದ ಕೇಂದ್ರವೋ ಅಂತ ಎಸ್‌ಸಿಎಂನವರನ್ನು ಕೇಳಿದರಂತೆ. ಒಪ್ಪುತ್ತೇವೆ, ಆದರೆ ಅದೇ ಕೇಂದ್ರ ಆಗಬೇಕು ಅಂತೇನಿಲ್ಲ ಅಂತ ಉತ್ತರ ಬಂತಂತೆ. ಅಷ್ಟಕ್ಕೇ ಮುಗೀತು. 1928ರಲ್ಲಿ ಯೂನಿಯನ್ ಕಡೆಯವರದೇ ಬೇರೆ ಇಂಟರ್-ವಾರ್ಸಿಟಿ ಫೆಲೋಶಿಪ್ ಆಯಿತು.

ಯಾದಗಿರಿ ತಮ್ಮ: ಅದೇ ಜಗಳ ನಮ್ಮಲ್ಲೂ ಇದೆ ಅಲ್ವಾ ಅಕ್ಕ? ಕಾಲೇಜಲ್ಲಿ ಇಯು (ಇವಾಂಜೆಲಿಕಲ್ ಯೂನಿಯನ್) ಪ್ರಾರ್ಥನೆಗೆ ಹೋದವರನ್ನು ಎಸ್‌ಸಿಎಂನವರು ನೋಡಿ ನಗೋರು 😄

ಕಲಬುರಗಿ ಅಕ್ಕ: ನಮ್ಮ ದೇಶದಲ್ಲಿ ಎಸ್‌ಸಿಎಂ 1912ರಿಂದ, ಇಯುಗಳ ಒಕ್ಕೂಟ ಯುಇಎಸ್‌ಐ 1954ರಿಂದ. ಎರಡೂ ಇವತ್ತಿಗೂ ಬೇರೆ ಬೇರೆಯೇ ಇವೆ.

ಹುಮನಾಬಾದ್ ಅಣ್ಣ: ಸರಿ, ಕೇಂಬ್ರಿಡ್ಜ್ ಬಿಡಿ. ಫಾರ್ವರ್ಡಿನ ಉದ್ದೇಶ ಒಳ್ಳೆಯದಲ್ಲವಾ? ಒಗ್ಗಟ್ಟಿಗೆ ಯಾರಾದರೂ ಬೇಡ ಅನ್ನುತ್ತಾರಾ? ನೀವು ಯಾವಾಗಲೂ ತಪ್ಪು ಹುಡುಕುತ್ತೀರಿ.

ಕಲಬುರಗಿ ಅಕ್ಕ: ಆಗದೇ ಇರುವ ಒಗ್ಗಟ್ಟನ್ನು ಆಗಿದೆ ಅಂತ ಹೇಳಬೇಡಿ ಅಂದೆ, ಅಷ್ಟೇ. ಅದೇ 1919ರಲ್ಲಿ ನಮ್ಮ ದೇಶದಲ್ಲೇ ತಮಿಳುನಾಡಿನ ತರಂಗಂಬಾಡಿಯಲ್ಲಿ ಅಜರಯ್ಯ ಬಿಷಪ್ಪರು ಮತ್ತಿತರರು ಕೂತು ಬೇರೆ ಬೇರೆ ಚರ್ಚುಗಳು ಒಂದಾಗಬೇಕು ಅಂತ ಹೇಳಿಕೆ ಕೊಟ್ಟರು. 28 ವರ್ಷ ಹಿಡಿಯಿತು, 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನಲ್ಲಿ ಸಿಎಸ್‌ಐ ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ಒಗ್ಗಟ್ಟಿನ ಕಥೆ ಬೇಕಿದ್ದರೆ ಅದನ್ನು ಫಾರ್ವರ್ಡ್ ಮಾಡಿ, ನಿಜವಾಗಿ ನಡೆದದ್ದು.

ಯಾದಗಿರಿ ತಮ್ಮ: ಆದರೆ ನಾವು ಸಿಎಸ್‌ಐ ಅಲ್ಲವಲ್ಲಾ 😅

ಬೀದರ್ ಮಾಸ್ತರ್: ಸರಿಯಾಗಿ ಹಿಡಿದ. ನಮ್ಮ ಮೆಥಡಿಸ್ಟ್ ಪಂಗಡದಲ್ಲಿ 1947ರಲ್ಲಿ ಸಿಎಸ್‌ಐಗೆ ಸೇರಿದ್ದು ಬ್ರಿಟಿಷ್ ಮೆಥಡಿಸ್ಟರು. ನಮ್ಮ ಕಡೆ ಇರುವವರು ಅಮೆರಿಕದ ಮೆಥಡಿಸ್ಟರಿಂದ ಬಂದವರು, ಸೇರಲಿಲ್ಲ. 1981ರಿಂದ ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ. ಬೆಂಗಳೂರಿಗೆ ಹೋದರೆ ನಮ್ಮ ಹುಡುಗರು ಸಿಎಸ್‌ಐ ಗುಡಿಗೂ ಹೋಗುತ್ತಾರೆ, ಯಾರೂ ತಡೆಯಲ್ಲ.

ಹುಮನಾಬಾದ್ ಅಣ್ಣ: ಹಾಗಾದರೆ ಈ ಸಲದ ಕ್ರಿಸ್‌ಮಸ್ ಕ್ಯಾರಲ್ ಹಾಡಿನ ಕಾರ್ಯಕ್ರಮ ಎಸ್‌ಸಿಎಂ, ಇಯು ಎರಡೂ ಸೇರಿ ಮಾಡೋದು ಬೇಡ ಅಂತೀರಾ?

ಕಲಬುರಗಿ ಅಕ್ಕ: ಹಾಡೋಣ, ಊಟವೂ ಮಾಡೋಣ, ಬೇಡ ಅಂದಿಲ್ಲ. ಪ್ರಸಂಗ (ಉಪದೇಶ) ಯಾರು ಮಾಡೋದು, ಏನು ಹೇಳೋದು ಅಂತ ಮೊದಲು ಮಾತಾಡಿಕೊಳ್ಳಿ. ಹೋದ ಸಲ ಅದಕ್ಕೇ ಅರ್ಧ ಜನ ಎದ್ದು ಹೋದರು.

ಯಾದಗಿರಿ ತಮ್ಮ: ನಮ್ಮ ಮಾಸ್ತರೇ ಮಾಡಲಿ. ಹತ್ತು ನಿಮಿಷ ದಾಟಲ್ಲ.

ಬೀದರ್ ಮಾಸ್ತರ್: ಕೇಳಿದರೆ ಕ್ರಿಸ್ತನ ರಕ್ತದ ಬಗ್ಗೆಯೇ ಹೇಳುವೆ. ಆಮೇಲೆ ಎಸ್‌ಸಿಎಂನವರು ನನಗೆ ಫೋನ್ ಮಾಡಬಾರದು.