ದೊಡ್ಡಮನೆ ಬಳಗ: ನಾಟಿ ಬೀಜ ಇಟ್ಟರೆ ಜೈಲಂತೆ!

ರಮೇಶ ಚಿಕ್ಕಪ್ಪ: *(ಹಲವು ಬಾರಿ ಫಾರ್ವರ್ಡ್ ಆಗಿದೆ)* ರೈತರೇ ಎಚ್ಚರ!! ಮನೆಯಲ್ಲಿ ನಾಟಿ ಬೀಜ ಇಟ್ಟುಕೊಂಡರೆ ಇನ್ನು ಜೈಲು! ವಿದೇಶಿ ಕಂಪನಿಗಳ ಪಿತೂರಿ. ಎಲ್ಲರಿಗೂ ಕಳಿಸಿ 🙏

ರಮೇಶ ಚಿಕ್ಕಪ್ಪ: ನಾನು ಮೊದಲಿಂದಲೂ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಶ್ವೇತಾ: ಚಿಕ್ಕಪ್ಪ, ಯಾವ ಕಾನೂನು? ಎಲ್ಲಿಂದ ಬಂತು ಇದು?

ರಮೇಶ ಚಿಕ್ಕಪ್ಪ: ಡೈರಿ ಗ್ರೂಪಲ್ಲಿ ಬಂತಮ್ಮ. ಸುಳ್ಳಾದರೆ ಅಷ್ಟು ಜನ ಯಾಕೆ ಕಳಿಸುತ್ತಾರೆ?

ದೊಡ್ಡಪ್ಪ: ನಮ್ಮ ಕಾಲದಲ್ಲಿ ಬೀಜವನ್ನು ಯಾರೂ ಮಾರುತ್ತಿರಲಿಲ್ಲ. ಕೊಳಗಕ್ಕೆ ಕೊಳಗ ಕೊಟ್ಟು ತರುತ್ತಿದ್ದೆವು. ಈಗ ಎಲ್ಲರಿಗೂ ದುಡ್ಡಿನ ಆಸೆ. ಅದಕ್ಕೇ ಈ ಗತಿ.

ಶ್ವೇತಾ: ದೊಡ್ಡಪ್ಪ, ಆ ಗತಿ ಬಂದಿಲ್ಲ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001. ಸೆಕ್ಷನ್ 39. ರೈತ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ನೋಂದಾಯಿತ ತಳಿಯನ್ನು ಬ್ರ್ಯಾಂಡ್ ಹಾಕಿ ಮಾರಬಾರದು, ಅಷ್ಟೇ.

ರಮೇಶ ಚಿಕ್ಕಪ್ಪ: ಹಾಗಾದರೆ ಗುಜರಾತ್ ಆಲೂಗಡ್ಡೆ ರೈತರ ಮೇಲೆ ಕೇಸ್ ಹಾಕಿದ್ದು ಸುಳ್ಳಾ?

ಶ್ವೇತಾ: ನಿಜ. 2019ರಲ್ಲಿ ಪೆಪ್ಸಿಕೋ ಹಾಕಿತ್ತು, ತನ್ನ ಚಿಪ್ಸ್ ತಳಿ ಬೆಳೆದರು ಅಂತ. ಜನ ತಿರುಗಿಬಿದ್ದರು, ಅದೇ ವರ್ಷ ವಾಪಸ್ ತೆಗೆದುಕೊಂಡಿತು. ಅದು ನೋಂದಾಯಿಸಿದ ತಳಿ. ಮನೆ ಅವರೆಕಾಳು ಅಲ್ಲ.

ರಮೇಶ ಚಿಕ್ಕಪ್ಪ: ನೀನು ಯಾವಾಗಲೂ ಕಂಪನಿ ಪರ. ಜಮೀನು ಭಾಗ ಆಗುವಾಗಲೂ ಹೀಗೇ ಸೆಕ್ಷನ್ ಓದಿದ್ದೆ.

ಶ್ವೇತಾ: ಅದನ್ನು ಇಲ್ಲಿ ಯಾಕೆ ತರುತ್ತೀರಿ?

ಮಂಜಣ್ಣ: ಅಜ್ಜಿ ನೆಲದಡಿಯ ರಾಗಿ ಹಗೇವು ತೆಗೆಸುವ ದಿನ ನೆನಪಿದೆಯಾ? ಮೊದಲು ದೀಪ ಇಳಿಸಿ ನೋಡುತ್ತಿದ್ದರು, ಒಳಗೆ ಗಾಳಿ ಕೆಟ್ಟಿದೆಯಾ ಅಂತ. ದೀಪ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಆ ರಾಗಿ ಮುದ್ದೆ, ಹಿದುಕಿದ ಬೇಳೆ ಸಾರು...

ದೊಡ್ಡಪ್ಪ: ಅದೆಲ್ಲ ನಮ್ಮ ನೆಲದ ಬೀಜ ಮಂಜು. ಈಗಿನದ್ದು ಪರದೇಶದ್ದು.

ಶ್ವೇತಾ: ನೀವು ಇಷ್ಟಪಡುವ ಇಂಡಾಫ್ ರಾಗಿಯೂ ಅರ್ಧ ಪರದೇಶದ್ದೇ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡತಳಿ ಮಾಡಿದ್ದು. ಎರಡೂ ಕಡೆ ರೈತರು ಬಗೆಬಗೆ ರಾಗಿ ಉಳಿಸಿಕೊಂಡಿದ್ದಕ್ಕೇ ಅದು ಸಾಧ್ಯ ಆಯಿತು.

ದೊಡ್ಡಪ್ಪ: ಲಕ್ಷ್ಮಣಯ್ಯನವರ ಬಗ್ಗೆ ಒಂದು ಮಾತೂ ಆಡಬೇಡ. ಅವರಿಂದ ನಮ್ಮ ಹೊಟ್ಟೆ ತುಂಬಿದೆ.

ಶ್ವೇತಾ: ನಾನೂ ಅದನ್ನೇ ಹೇಳುತ್ತಿರುವುದು ದೊಡ್ಡಪ್ಪ!

ಸರೋಜತ್ತೆ: ಕಾನೂನು ಬಿಡಿ. ಅಮ್ಮ ಬೀಜ ತುಂಬಿಡುತ್ತಿದ್ದ ಮಣ್ಣಿನ ವಾಡೆ ಒಡೆಸಿ ಅಲ್ಲಿ ಟಿವಿ ಇಟ್ಟಿದ್ದು ಯಾವ ಕಂಪನಿ?

ರಮೇಶ ಚಿಕ್ಕಪ್ಪ: ಅಕ್ಕ, ಮತ್ತೆ ಶುರು ಮಾಡಬೇಡ. ವಾಡೆ ಬಿರುಕು ಬಿಟ್ಟಿತ್ತು.

ಸರೋಜತ್ತೆ: ಬೀಜ ಕೆಟ್ಟಿರಲಿಲ್ಲವಲ್ಲ. ಅವರೆ, ಅಲಸಂದೆ, ಹುಚ್ಚೆಳ್ಳು, ಎಲ್ಲ ಬೂದಿ ಬೆರೆಸಿ ಇಟ್ಟಿದ್ದರು. ಎರಡು ಸೇರು ಅವರೆ ಕೇಳಿದ್ದಕ್ಕೆ ಆಸ್ತಿ ಕೇಳಲು ಬಂದಳು ಅಂದಿರಿ.

ಮಂಜಣ್ಣ: ಅಕ್ಕಡಿ ಸಾಲು! ರಾಗಿ ಮಧ್ಯೆ ಅವರೆ, ತೊಗರಿ. ಅಂಚಿಗೆ ಹರಳು. ಹುಚ್ಚೆಳ್ಳು ಹೂ ಬಿಟ್ಟಾಗ ಜೇನು ಎಷ್ಟು ಬರುತ್ತಿತ್ತು!

ರಮೇಶ ಚಿಕ್ಕಪ್ಪ: ಬೆಂಗಳೂರಲ್ಲಿ ಕೂತು ಹೇಳುವುದು ಸುಲಭ ಮಂಜು. ಅಕ್ಕಡಿ ಹಾಕಿದರೆ ಕಟಾವು ಮಿಷನ್ ಹೋಗಲ್ಲ. ಕಳೆ ಔಷಧಿ ಹೊಡೆದರೆ ಅವರೆ ಸುಟ್ಟುಹೋಗುತ್ತೆ. ಕೈಯಲ್ಲಿ ಕಳೆ ಕೀಳಲು ಆಳೆಲ್ಲಿ?

ದೊಡ್ಡಪ್ಪ: ಹಿಂಗಾರು ಕೈಕೊಟ್ಟರೂ ಅವರೆ ಬರೀ ಇಬ್ಬನಿಗೇ ಬರುತ್ತಿತ್ತು. ಗೊತ್ತಿದ್ದೂ ಬಿಟ್ಟಿದ್ದೀರಿ.

ರಮೇಶ ಚಿಕ್ಕಪ್ಪ: ರಾಗಿ ಹೊಲಕ್ಕೆ ಮೊದಲು ನೀಲಗಿರಿ ಹಾಕಿದ್ದು ನೀವಲ್ವಾ ಅಣ್ಣ?

ಶ್ವೇತಾ: ಆಳಿನ ಕಷ್ಟ ನಿಜ ಚಿಕ್ಕಪ್ಪ, ಅದನ್ನು ತಳ್ಳಿಹಾಕಲ್ಲ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಬೀಜ ಕಾಯುತ್ತಾರೆ. ಅದೂ ಬೇಕು. ಆದರೆ ಅಲ್ಲಿ ಮಲಗಿದ ಬೀಜ ಈಗಿನ ಮಳೆ, ಈಗಿನ ರೋಗಕ್ಕೆ ಒಗ್ಗುವುದು ಹೇಗೆ? ಹೊಲದಲ್ಲಿ ವರ್ಷ ವರ್ಷ ಬಿತ್ತಲೇಬೇಕು.

ಸರೋಜತ್ತೆ: ನನ್ನ ಹತ್ತಿರ ನಾಟಿ ಅವರೆ ಇದೆ. ಪಕ್ಕದೂರಿನಿಂದ ತಂದು ಉಳಿಸಿದ್ದು. ರಮೇಶ, ಬದುವಿನ ಪಕ್ಕ ನಾಲ್ಕು ಸಾಲು ಬಿಡು. ಮಿಷನ್‌ಗೂ ಅಡ್ಡ ಆಗಲ್ಲ. ಅಲ್ಲಿ ಮಾತ್ರ ಔಷಧಿ ಹೊಡೆಯಬೇಡ.

ರಮೇಶ ಚಿಕ್ಕಪ್ಪ: ಎಷ್ಟು ಕೊಡುತ್ತೀಯ?

ಸರೋಜತ್ತೆ: ಎರಡು ಸೇರು. ಸುಗ್ಗಿ ಆದ ಮೇಲೆ ನಾಲ್ಕು ಸೇರು ವಾಪಸ್ ಬರಬೇಕು.

ದೊಡ್ಡಪ್ಪ: ನೀಲಗಿರಿ ವಿಷಯ ಯಾಕೆ ತೆಗೆದೆ ರಮೇಶ? ಆ ದುಡ್ಡಲ್ಲೇ ನಿನ್ನ ಬೋರ್‌ವೆಲ್ ಕೊರೆಸಿದ್ದು.