ಪದ ಬೇಕಾಗೇದ: ಒಬ್ಬ ವಾಸ್ತುಶಿಲ್ಪಿ ಬಿಟ್ಟುಹೋದ ಕಾಗದಪತ್ರಕ್ಕ ಏನನ್ನೋಣು? (ಗುರುವಾರದೊಳಗ)

ಎಲ್ಲಾರಿಗೂ ನಮಸ್ಕಾರ,

ಸೋಮವಾರ ಒಂದು ಪದ ಕೇಳಿ, ದಪ್ತರ ಅನ್ನೋಣೇನು ಅಂದಿದ್ದೆ. ಬಂದ ಉತ್ತರ ಎಲ್ಲಾ ಓದೀನಿ, ಆದ್ರ ಅರ್ಧಕ್ಕರ್ಧ ಮಂದಿ ಪ್ರಶ್ನಿ ಬಿಟ್ಟು ಪಾರ್ಸಿ (ಪರ್ಶಿಯನ್) ಪದ ಬೇಕೋ ಬ್ಯಾಡೋ ಅನ್ನೋ ಕಡೆ ಹೊಳ್ಳಿಬಿಟ್ರಿ. ಅದಕ್ಕ ಇನ್ನೊಮ್ಮೆ ಹೇಳ್ತೀನಿ. ಹುಬ್ಬಳ್ಳಿ ಒಳಗ ನಮ್ಮ ಹುಡುಗ್ರು ಚಂಡೀಗಡದ ಮ್ಯಾಲೆ ಒಂದು ಸಣ್ಣ ಪ್ರದರ್ಶನ ಮಾಡ್ಲಿಕತ್ತಾರ, ಅದ್ರಾಗ ಮೂರು ಫಲಕ ಆ ಊರು ಕಟ್ಟಿದವರೊಳಗ ಒಬ್ರಾದ ವಾಸ್ತುಶಿಲ್ಪಿ ಪಿಯೇರ್ ಜಾನರೆ ಅವರ ಕಾಗದಪತ್ರದ ಬಗ್ಗೆ. ನಕ್ಷೆ, ಫೋಟೋ, ಪತ್ರ, ಎಲ್ಲಾ ಈಗ ಮಾಂಟ್ರಿಯಲ್ಲಿನ ಕೆನೇಡಿಯನ್ ಸೆಂಟರ್ ಫಾರ್ ಆರ್ಕಿಟೆಕ್ಚರ್ ಒಳಗ ಅವ, ಅವರ ಮನೆತನದವ್ರು ಕೊಟ್ಟದ್ದು. ಅಲ್ಲಿಯವ್ರು ಅದಕ್ಕ ಇಟ್ಟ ಹೆಸರು ಒಂದು ಫ್ರೆಂಚ್ ಪದ, ಕಾಗುಣಿತ ನೋಡಿದ್ರ ಫೋಂಡ್ಸ್, ಓದೋದು ಬರೇ ಫೋಂ. ಗುರುವಾರ ಮಧ್ಯಾಹ್ನ ಕೊಪ್ಪೀಕರ ರೋಡಿನ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು, ನನಗ ಕನ್ನಡದ ಪದ ಬೇಕು.

ಈ ಪದದ ಅರ್ಥ ಇಷ್ಟು: ಒಬ್ಬ ಮನುಷ್ಯ ಅಥವಾ ಒಂದು ಕಚೇರಿ ತನ್ನ ಕೆಲಸ ಮಾಡ್ತಾ ಮಾಡ್ತಾ ತಾನಾಗೇ ಬೆಳದ ಕಾಗದಪತ್ರದ ಒಟ್ಟು. ಅದನ್ನ ಇನ್ನೊಬ್ಬರದ್ರ ಜೋಡಿ ಕಲಸಬಾರದು, ಅವರು ಇಟ್ಟ ಕ್ರಮ ಕೆಡಿಸಬಾರದು. ಕಲಸಬಾರದು ಅನ್ನೋ ನಿಯಮ 1841ರಾಗ ಫ್ರಾನ್ಸಿನ ಗೃಹ ಇಲಾಖೆ ಹೊರಡಿಸಿದ ಸುತ್ತೋಲೆಯಿಂದ ಪತ್ರಾಗಾರದವರಿಗೆ (ಹಳೇ ಕಾಗದ ಕಾಯ್ದಿಡೋರಿಗೆ) ಬುನಾದಿ ಆತು, ಕ್ರಮ ಕೆಡಿಸಬಾರದು ಅನ್ನೋದು ಆಮ್ಯಾಲೆ ಬಂತು.

> ಸಂಗ್ರಹ ಅನ್ನಿ, ಮುಗೀತು.

ಮುಗಿಯಂಗಿಲ್ರಿ ಸರ್. ಸಂಗ್ರಹ ಅಂದ್ರ ಯಾರೋ ಒಬ್ರು ಆರಿಸಿ ಕೂಡಿಸಿದ್ದು, ನಾಣ್ಯ ಕೂಡಿಸಿಧಂಗ. ಜಾನರೆ ಏನೂ ಕೂಡಿಸ್ಲಿಲ್ಲ, ಅವರು ದುಡದ್ರು, ಕಾಗದ ಉಳಿತು. ಮ್ಯಾಲೆ ಕನ್ನಡದಾಗ ಸಂಗ್ರಹಕ್ಕ ಸಂಕ್ಷೇಪ ಅನ್ನೋ ಅರ್ಥನೂ ಗಟ್ಟಿಯಾಗಿ ಅದ, ಸಂಗ್ರಹಿಸಿ ಹೇಳು ಅಂದ್ರ ಸಣ್ಣದು ಮಾಡಿ ಹೇಳು ಅಂತನ. ಇಲ್ಲಿ ಬೇಕಾದದ್ದು ಪೂರ್ತಿ.

> ನಿಧಿ. ಲ್ಯಾಟಿನ್ ಮೂಲದಲ್ಲೇ ಇದೆ ನೋಡಿ.

ಲ್ಯಾಟಿನ್ನಿನ ಫಂಡಸ್ ಅಂದ್ರ ತಳ, ಬುಡ. ಫೋಂ ಮತ್ತು ಫಂಡ್ ಎರಡೂ ಅದೇ ಬೇರಿನ್ವು, ಖರೆ. ಆದ್ರ ಫಲಕ ಓದೋರು ಲ್ಯಾಟಿನ್ ಓದಂಗಿಲ್ಲ. "ಜಾನರೆ ನಿಧಿ" ಅಂತ ಬರದ್ರ ಹುಡುಗ್ರು ವಿದ್ಯಾರ್ಥಿವೇತನ ಅಂತ ತಿಳ್ಕೋತಾರ, ಅರ್ಜಿ ಎಲ್ಲಿ ಕೊಡಬೇಕು ಅಂತ ಕೇಳ್ತಾರ.

> ಕಡತ. ಅಚ್ಚಗನ್ನಡ. ಚರ್ಚೆ ಬೇಡ.

ಕಡತ ನನಗೂ ಭಾಳ ಪ್ರೀತಿ ಪದ. ಧಾರವಾಡದಾಗ ಬಾಳಿದ ಕಿಟೆಲ್ ತಮ್ಮ 1894ರ ನಿಘಂಟಿನಾಗ ಅದನ್ನ ಸೇರಿಸ್ಯಾರ. ಅರಿವಿಗೆ ಹುಣಸಿಬೀಜದ ಸರಿ, ಇದ್ದಲಿ ಕಲಸಿ ಬಳದು, ಒಣಗಿಸಿ, ಮಡಿಕಿ ಮಡಿಕಿ ಮಾಡಿ ಬಳಪದ್ಲೆ ಬರೀತಿದ್ರು, ಶೃಂಗೇರಿ ಮಠದಾಗ ಅಂಥ ಕಡತ ಇವತ್ತಿಗೂ ಅವ. ಒರಸಿ ಮತ್ತ ಬರೀಬಹುದಿತ್ತು. ಆದ್ರ ಈಗ ಕಡತ ಅಂದ್ರ ಕಚೇರಿ ಒಳಗ ಒಂದು ವಿಷಯದ ಒಂದು ಫೈಲು, ಅಷ್ಟ. ನನಗ ಬೇಕಾದದ್ದು ಅಂಥ ಕಡತ ಎಷ್ಟೋ ಇರೋ ಇಡೀ ಮೈ. ಕಡತ ಅದರ ಒಳಗ ಬರ್ತದ, ಅಲ್ಲಿ ಖಂಡಿತ ಬಳಸ್ತೀನಿ.

> ಪತ್ರಾಗಾರ ಇದೆಯಲ್ಲ?

ಅದು ಮನಿ ಹೆಸರು. ನಾನು ಕೇಳಿದ್ದು ಮನಿ ಒಳಗಿಂದು.

ಈಗ ನನ್ನ ಪದಕ್ಕ ಬರ್ತೀನಿ. ದಪ್ತರ. ಸೋಮವಾರನ ಇದನ್ನ ಹೇಳಿದ್ದೆ, ಅದಕ್ಕ ಒಬ್ರು ಪಾರ್ಸಿ ಅಂತ ತಳ್ಳಿಹಾಕಿದ್ರು, ಇನ್ನೊಬ್ರು ಕಾಪಾಡ್ಲಿಕ್ಕೆ ಬಂದು "ದಪ್ಪ + ತರ, ನಮ್ಮದೇ ಪದ" ಅಂದ್ರು. ಅಲ್ರೀ ಅಣ್ಣಾರ, ಅದು ನಮ್ಮದಲ್ಲ, ಹಂಗ ಹೇಳಿ ಉಳಿಸಿಕೊಳ್ಳೋ ಜರೂರಿನೂ ಇಲ್ಲ. ಗ್ರೀಕಿನ ಡಿಫ್ತೆರಾ, ಅಂದ್ರ ಹದ ಮಾಡಿದ ತೊಗಲು, ಬರಿಯೋ ತೊಗಲು, ಅದು ಪರ್ಶಿಯನ್ ಒಳಗ ದಫ್ತರ್ ಆಗಿ ಇಲ್ಲಿಗೆ ಬಂತು. ಗಂಟಲದಾಗ ತೊಗಲಿನಂಥ ಪೊರೆ ಕಟ್ಟೋ ರೋಗಕ್ಕ ಡಿಫ್ತೀರಿಯಾ ಅಂತ ಹೆಸರಾದದ್ದೂ ಅದೇ ಗ್ರೀಕ್ ಪದದಿಂದ. ನಮ್ಮ ಭಾಗ 1956ರ ತನಕ ಮುಂಬಯಿ ಆಡಳಿತದಾಗಿತ್ತು, ಅದಕ್ಕಿಂತ ಮೊದಲು ಪೇಶ್ವೆಯವರ ಕಾಲ, ಲೆಕ್ಕಪತ್ರ ಇಟ್ಟ ಪ್ರತಿ ಮನಿ ಒಳಗೂ ಈ ಪದ ಇತ್ತು.

ನಮ್ಮಜ್ಜ ನವಲಗುಂದ ಕಡೆ ಒಂದು ಹಳ್ಳಿ ಕುಲಕರ್ಣಿಕಿ ಮಾಡಿದವ್ರು. ದಪ್ತರ ಕೆಂಪು ಅರಿವಿ ಒಳಗ ಕಟ್ಟಿ ನಾಗೊಂದಿಗಿ ಮ್ಯಾಲೆ ಇರ್ತಿತ್ತು, ಅಜ್ಜ ಬಿಟ್ರ ಯಾರೂ ಬಿಚ್ಚಂಗಿಲ್ಲ. ಒಂದು ಹೊಲದ ಅಳತಿ ಚೀಟಿ, ಅದರ ಬಾಂದಿನ ತಕರಾರಿನ ಪತ್ರ, ಮೋಡಿ ಲಿಪಿ (ಮರಾಠಿಯ ಹಳೇ ಕೂಡುಬರಹ) ಒಳಗ ಬರದ ಒಂದು ಕರಾರು, ಮೂರನ್ನೂ ಕೂಡಿಸಿ ಒಂದ ದಾರದ್ಲೆ ಕಟ್ಟಿರ್ತಿದ್ರು. ಅಜ್ಜ ಹೋದ ಮ್ಯಾಲೆ ಒಂದು ಸಂಸ್ಥೆಗೆ ನಕಲು ತೆಗೀಲಿಕ್ಕೆ ಕೊಟ್ವಿ. ಅವರು ಎಲ್ಲಾ ದಾರ ಬಿಚ್ಚಿ, ಮೋಡಿದು ಒಂದು ಕಡೆ ಕನ್ನಡದ್ದು ಒಂದು ಕಡೆ, ತಾರೀಖಿನ ಪ್ರಕಾರ ಹೊಂದಿಸಿ ಚಂದ ಪೆಟ್ಟಿಗಿ ಒಳಗ ಹಾಕಿ ವಾಪಸ್ ಕೊಟ್ರು. ಒಂದು ಹಾಳಿನೂ ಕಳೀಲಿಲ್ಲ. ಆದ್ರ ಯಾವ ಕರಾರು ಯಾವ ಹೊಲದ್ದು ಅನ್ನೋದು ಇವತ್ತಿಗೂ ಗೊತ್ತಾಗಿಲ್ಲ, ಯಾಕಂದ್ರ ಅದನ್ನ ಹೇಳ್ತಿದ್ದದ್ದು ಆ ದಾರ. ಇಟ್ಟ ಕ್ರಮ ಕೆಡಿಸಬಾರದು ಅನ್ನೋ ಆ ನಿಯಮ ಹೇಳೋದೂ ಇದನ್ನ. ಅದಕ್ಕ ನನಗ ದಪ್ತರ ಅಂದ್ರ ಬರೇ ಕಾಗದ ಅಲ್ಲ, ಒಬ್ಬರ ಕೈ ಕಟ್ಟಿದ ಕಟ್ಟು.

> ಪಾರ್ಸಿ ಪದ ಬೇಡವೇ ಬೇಡ. ಕಾಗದಗಂಟು ಎನ್ನೋಣ, ಸೊಗಸಾಗಿದೆ.

ಮೇಡಂ, ಕಾಗದನೂ ಪಾರ್ಸಿ. ಅರ್ಜಿ, ಜಮೀನು, ವಕೀಲ, ರುಮಾಲು ಎಲ್ಲಾ ಆ ದಾರಿಲೇ ಬಂದಾವ. ಮೈಸೂರು ಸೀಮಿ ಒಳಗ ಓಡಾಡೋ ಪಾರ್ಸಿ ಪದ ಕನ್ನಡ, ಧಾರವಾಡದ್ದು ಮಾತ್ರ ಹೊರಗಿಂದು ಅನ್ನೋ ಲೆಕ್ಕ ನಾನು ಒಪ್ಪಂಗಿಲ್ಲ. ಗಂಟು ಅಂದ್ರ ನಮ್ಮಲ್ಲಿ ಮೊದಲು ನೆನಪಾಗೋದು ರೊಕ್ಕ, ಇಡುಗಂಟು ಅಂತ ನೀವೂ ಅಂತೀರಿ. ಮತ್ತ ನಿಧಿಗೇ ಬಂದು ನಿಂತ್ವಿ.

ಎರಡನೇ ತೊಡಕು ಇದಕ್ಕಿಂತ ಸೂಕ್ಷ್ಮದ್ದು, ಅದಕ್ಕ ಯಾರೂ ಸರಿಯಾಗಿ ಉತ್ತರ ಕೊಡ್ಲಿಲ್ಲ. ಕರಡಿನಾಗ ಹುಡುಗ್ರು ಜಾನರೆ ಅವರಿಗೆ "ಲ ಕಾರ್ಬೂಸಿಯೇ ಅವರ ಸಹಾಯಕ" ಅಂತ ಬರದಾರ. ಕಾರ್ಬೂಸಿಯೇ ಅಂದ್ರ ಚಂಡೀಗಡದ ನಕ್ಷೆ ಹಾಕಿದ ಹೆಸರಾಂತ ವಾಸ್ತುಶಿಲ್ಪಿ. ಇವರಿಬ್ಬರೂ ಒಂದ ಮನೆತನದವ್ರು, ಕಾರ್ಬೂಸಿಯೇ ಹುಟ್ಟು ಹೆಸರಿನಾಗೂ ಜಾನರೆ ಅದ (ದಾಯಾದಿ ಅನ್ನಬಹುದಿತ್ತು, ಆದ್ರ ಕನ್ನಡದಾಗ ದಾಯಾದಿ ಅಂದಕೂಡ್ಲೆ ಜಗಳ ನೆನಪಾಗ್ತದ, ಬ್ಯಾಡ). 1922ರಿಂದ 1940ರ ತನಕ ಪ್ಯಾರಿಸ್ಸಿನಾಗ ಇಬ್ಬರೂ ಪಾಲುದಾರರು. ಚಂಡೀಗಡಕ್ಕ ಕಾರ್ಬೂಸಿಯೇ ವರ್ಷಕ್ಕ ಎರಡು ಸಲ ಬಂದು ಹೋಗೋ ಒಪ್ಪಂದ, ಜಾನರೆ ಮಾತ್ರ 1951ರಿಂದ 1965ರ ತನಕ ಅಲ್ಲೇ ನೆಲಸಿ, ನೌಕರರ ಮನಿ, ಶಾಲೆ, ವಿಶ್ವವಿದ್ಯಾಲಯದ ಗಾಂಧಿ ಭವನ, ಈಗ ಪ್ಯಾರಿಸ್ಸಿನಾಗ ಹರಾಜಿಗೆ ಬರೋ ಆ ಸಾಗವಾನಿ ಕುರ್ಚಿ, ಇವನ್ನೆಲ್ಲಾ ಗೌಂಡಿ ಬಡಿಗ್ಯಾರ ಜೋಡಿ ನಿಂತು ಮಾಡಿಸಿದ್ರು. 1967ರಾಗ ಜಿನೀವಾದಾಗ ತೀರಿಕೊಂಡ್ರು, 1970ರಾಗ ಅವರ ಇಚ್ಛಾದಂಗ ಚಿತಾಭಸ್ಮ ತಂದು ಸುಖನಾ ಕೆರಿ ಒಳಗ ಬಿಟ್ರು. ಇಂಥವ್ರಿಗೆ ಸಹಾಯಕ ಅನ್ನಲಿಕ್ಕೆ ನನಗ ಮನಸ್ಸಾಗವಲ್ತು.

ಪಟ್ಟದಕಲ್ಲಿನ ಶಾಸನದಾಗ ಶಿಲ್ಪಿ ಸರ್ವಸಿದ್ಧಿ ಆಚಾರಿಗೆ ಸೂತ್ರಧಾರಿ ಅಂದಾರ, ಅದಕ್ಕ ಇವರಿಗೆ ಉಪಸೂತ್ರಧಾರಿ ಅನ್ನಬೇಕು ಅಂತ ಗದಗಿನ ಮಾಸ್ತರು ನಾಲ್ಕು ಪತ್ರ ಬರದಾರ. ಮಾಸ್ತರ್ರ, ಅಳತಿ ದಾರ ಹಿಡದವ ಅನ್ನೋ ಅರ್ಥ ಚಂದ ಅದ, ನಿಮ್ಮ ಓದಿಗೆ ಕೈ ಮುಗೀತೀನಿ. ಆದ್ರ ಇವತ್ತಿನ ಪೇಪರಿನಾಗ ಸೂತ್ರಧಾರಿ ಅಂದ್ರ ದರೋಡೆ ಮಾಡಿಸಿದವ. ಫಲಕಕ್ಕ ಆಗಂಗಿಲ್ಲ.

ಈ ಎರಡೂ ಪ್ರಶ್ನಿ ಒಂದ ಅಂತ ನನಗ ಈಗ ಅನಸ್ತದ. ಕಾರ್ಬೂಸಿಯೇ ಕಾಗದ ಪ್ಯಾರಿಸ್ಸಿನಾಗ ಅವರ ಹೆಸರಿನ ಪ್ರತಿಷ್ಠಾನದಾಗ ಅವ, ಜಾನರೆದು ಮಾಂಟ್ರಿಯಲ್ಲಿನಾಗ. ಒಂದ ಊರು ಕಟ್ಟಿದ ಕಾಗದ ಅಂತ ಎರಡನ್ನೂ ಕಲಸಿದ್ರ ದೊಡ್ಡ ಹೆಸರು ಸಣ್ಣ ಹೆಸರನ್ನ ನುಂಗ್ತದ. ಬ್ಯಾರೆ ಬ್ಯಾರೆ ಕಟ್ಟಾಗಿ ಇರೋದಕ್ಕ ಜಾನರೆ ಏನು ಮಾಡಿದ್ರು ಅನ್ನೋದು ಜಾನರೆ ಕೈಯಿಂದನ ಗೊತ್ತಾಗ್ತದ. ಸಹಾಯಕ ಅಂತ ಬರದು ಮ್ಯಾಲೆ ಸಂಗ್ರಹ ಅಂತ ಬರದ್ರ ಅವರನ್ನ ಎರಡು ಸಲ ಅಳಿಸಿಧಂಗ.

ಆದ್ದರಿಂದ ಫಲಕದ ಸಾಲು ಹಿಂಗ ಮಾಡೀನಿ, ನಾಮಪದ ತೆಗದು ಕ್ರಿಯಾಪದ ಇಟ್ಟೀನಿ:

"ಲ ಕಾರ್ಬೂಸಿಯೇ ಸಂಗಡ ದುಡಿದ ಪಿಯೇರ್ ಜಾನರೆ ಅವರ ದಪ್ತರ"

ಒಳಗಿನ ಹಂತಕ್ಕ ಸರಣಿ, ಕಡತ, ಹಾಳೆ. ಸಂಗಡ ಅನ್ನೋದಕ್ಕ ಪ್ರತ್ಯಯ ಬೇಕು, "ಕಾರ್ಬೂಸಿಯೇಯ ಸಂಗಡ" ಆಗಬೇಕು ಅಂತ ನಮ್ಮನಿಯವ್ರು ಅಂತಾರ, ನನಗ ಅದು ನಾಲಿಗಿಗೆ ತೊಡಕಾಗ್ತದ. ಇದೊಂದು ಗೊತ್ತಿದ್ದವ್ರು ಗುರುವಾರ ಹನ್ನೆರಡರೊಳಗ ಹೇಳ್ರಿ, ಪಾರ್ಸಿ ವಿಷಯ ಆಮ್ಯಾಲೆ ಎಷ್ಟು ಬೇಕಾದ್ರೂ ಮಾತಾಡೋಣು.